ತಿಳಿನೀರನ್ನು ಶಂಕಿಸಿದ ಕರ್ನಲ್

ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ಬಸ್ಸಿನಲ್ಲಿ ಒಮ್ಮೆ ನನ್ನ ಎದುರಿಗೆ ಒಬ್ಬ ತಾಯಿ, ಆಕೆಯ ಇಬ್ಬರು ಮಕ್ಕಳು ಕುಳಿತಿದ್ದರು. ಹಿರಿಯಳು ಹತ್ತು ಹನ್ನೆರಡರ ಹುಡುಗಿ. ಕಿರಿಯವನು ತಾಯಿಯ ತೊಡೆಯ ಮೇಲೆ ನಿದ್ರಿಸುತ್ತಿದ್ದ ಪೋರ. ಕಂಡಕ್ಟರನು ಏನೋ ನಗೆಮಾತಾಡಿದನು. ಎಲ್ಲರೂ ನಕ್ಕರು, ಹುಡುಗಿಯೂ ನಕ್ಕಳು. ಆದರೆ ನಗು ತುಟಿಗೆ ಬರುವ ಮುನ್ನವೇ ಅವಳ ಅಂಗೈ ಬಾಯಿಗೆ ಅಡ್ಡ ಬಂದಿತ್ತು. ಬೆರಳುಗಳ ಸಂದಿಯಲ್ಲಿ ಕಂಡ ಹಲ್ಲುಗಳ ಮೇಲೆ ತುಕ್ಕು ಹಿಡಿದಂತಹ ಕಂದು ಪಟ್ಟೆಗಳಿದ್ದುವು. ತಾಯಿಯ ಹಲ್ಲುಗಳಾದರೋ ಮಲ್ಲಿಗೆ ಮೊಗ್ಗಿನಂತೆ ಬೆಳ್ಳಗಿದ್ದುವು.

ನನ್ನ ದೃಷ್ಟಿ ಹೋದ ಕಡೆಯನ್ನು ಆಕೆ ಗಮನಿಸಿರಬೇಕು. ಬೇಸರಪಟ್ಟುಕೊಳ್ಳದೆ, "ನನ್ನ ತವರು ಹಾಸನದ ಕಡೆ, ಸ್ವಾಮಿ. ಇವಳು ಇಲ್ಲಿಯೇ ಹುಟ್ಟಿದವಳು" ಎಂದಳು.

ವೈದ್ಯಶಾಸ್ತ್ರವು ಬಹಳ ಕಾಲ ಹೆಣಗಿ ಕಂಡುಕೊಂಡ ಸಂಗತಿಯನ್ನು ಆ ತಾಯಿ ಎರಡು ವಾಕ್ಯಗಳಲ್ಲಿ ಹೇಳಿ ಮುಗಿಸಿದ್ದಳು. ಹಲ್ಲಿನ ಹೊಳಪಿನ ಕವಚವು ವಸಡಿನೊಳಗೆ ರೂಪುಗೊಳ್ಳುವುದು ಎಳೆತನದಲ್ಲಿ, ಹೆಚ್ಚು ಕಡಿಮೆ ಎಂಟನೆಯ ವರ್ಷದೊಳಗೆ. ಆ ಕಾಲದಲ್ಲಿ ಮಗು ಕುಡಿಯುವ ನೀರಿನಲ್ಲಿ ಫ್ಲೋರೈಡ್ ಎಂಬ ಲವಣಾಂಶವು ಮಿತಿಮೀರಿದ್ದರೆ ಹಲ್ಲು ಮೂಡುವಾಗಲೇ ಮಚ್ಚೆ ಹೊತ್ತು ಮೂಡುತ್ತದೆ. ಕವಚವು ಒಮ್ಮೆ ಗಟ್ಟಿಯಾದ ಮೇಲೆ ಅದೇ ನೀರನ್ನು ಕುಡಿದರೂ ಹಲ್ಲಿಗೆ ಬಣ್ಣ ಹತ್ತದು. ಆದುದರಿಂದ ಬೇರೆ ಸೀಮೆಯಿಂದ ಬಂದ ಸೊಸೆಯ ಹಲ್ಲು ಬಿಳುಪಾಗಿಯೂ, ಅದೇ ಮನೆಯಲ್ಲಿ ಹುಟ್ಟಿದ ಮಗಳ ಹಲ್ಲು ಕಂದಾಗಿಯೂ ಉಳಿಯುವುವು. ಮನುಷ್ಯನು ಬಾಲ್ಯವನ್ನು ಎಲ್ಲಿ ಕಳೆದನೆಂಬುದನ್ನು ಅವನ ಹಲ್ಲನ್ನು ನೋಡಿಯೇ ಹೇಳಬಹುದೆಂದಾಯಿತು!

ಆದರೆ ಬಣ್ಣ ಹತ್ತಲಿಲ್ಲವೆಂದ ಮಾತ್ರಕ್ಕೆ ತಾಯಿ ಪಾರಾದಳೆಂದಲ್ಲ. ನೀರು ತನ್ನ ಕೆಲಸವನ್ನು ಮೂಳೆಗಳಲ್ಲಿ ಮುಂದುವರಿಸುತ್ತದೆ, ಅದಕ್ಕೆ ಅವಸರವಿಲ್ಲ. ಅದೇ ಸೀಮೆಯ ಹಳ್ಳಿಯೊಂದರಲ್ಲಿ ಹಿರಿಯ ಒಕ್ಕಲಿಗರೊಬ್ಬರನ್ನು ನಾನು ಕಂಡಿದ್ದೆ. ಹಿಂದಿನಿಂದ ಯಾರಾದರೂ ಕೂಗಿದರೆ ಅವರು ಕತ್ತನ್ನು ತಿರುಗಿಸುತ್ತಿರಲಿಲ್ಲ, ಇಡೀ ದೇಹವನ್ನೇ ತಿರುಗಿಸುತ್ತಿದ್ದರು. ಬೆನ್ನು ಬಾಗಿ ಹಾಗೆಯೇ ಬಿಗಿದುಹೋಗಿತ್ತು. ಮಳೆಯನ್ನೇ ನಂಬಿ ಬಾಳಿದ ಆ ಜೀವ, ಮೋಡ ಎತ್ತ ಕಡೆಯಿಂದ ಏಳುತ್ತಿದೆಯೆಂಬುದನ್ನು ಮೊಮ್ಮಗನಿಂದ ಕೇಳಿ ತಿಳಿಯುತ್ತಿತ್ತು. ಮುಖವೆತ್ತಿ ಆಕಾಶವನ್ನು ನೋಡಲು ಅವರಿಗೆ ಸಾಧ್ಯವಿರಲಿಲ್ಲ.

ತುಮಕೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳನ್ನು, ಎಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳನ್ನು, ನಮ್ಮಲ್ಲಿ ಅನೇಕರು ಬಲ್ಲುದು ದಾರಿಯ ಊರುಗಳೆಂದು. ಮಧುಗಿರಿಯ ಏಕಶಿಲೆಯ ಕೋಟೆಬೆಟ್ಟ, ಶಿರಾದ ಮೊಗಲರ ಕಾಲದ ಕಟ್ಟಡಗಳು, ಪಾವಗಡದ ಶನಿಮಹಾತ್ಮನ ಗುಡಿ, ಕೊರಟಗೆರೆಯ ಬಳಿಯ ಸಿದ್ದರಬೆಟ್ಟ, ಇಷ್ಟನ್ನು ನೋಡಿ ಹಿಂದಿರುಗುತ್ತೇವೆ. ಬಿಸಿಲಿನಲ್ಲಿ ದಣಿದಾಗ ಯಾರೋ ಪುಣ್ಯಾತ್ಮರು ಕೊಟ್ಟ ಚೊಂಬು ನೀರನ್ನು ಕುಡಿದು, "ಆಹಾ, ಎಂತಹ ತಿಳಿನೀರು!" ಎನ್ನುತ್ತೇವೆ. ತಿಳಿಯಾಗಿರುವುದು ನಿಜ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಂದಲೂ ಅದನ್ನು ಗುರುತಿಸಲಾಗದು. ಹಾಗಿದ್ದ ಮೇಲೆ ಕಣ್ಣಿಗೆ ಕಾಣದ ಈ ಅಪರಾಧಿಯನ್ನು ನಮ್ಮ ದಕ್ಷಿಣ ದೇಶದಲ್ಲಿ ಹಿಡಿದುಕೊಟ್ಟವರು ಯಾರು?

ಆ ಕಥೆಗಾಗಿ ನದಿಯ ಜೊತೆಯಲ್ಲಿ ಸ್ವಲ್ಪ ದೂರ ಹೋಗಬೇಕು. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಕೊರಟಗೆರೆ, ಮಧುಗಿರಿಗಳ ನೆಲವನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಶಿರಾ ಸೀಮೆಯ ನೀರು ಮಾತ್ರ ವೇದಾವತಿಯ ಕಡೆಗೆ ವಾಲುತ್ತದೆ. ಪಿನಾಕಿನಿಯು ಪಾವಗಡ ತಾಲ್ಲೂಕಿನ ನಾಗಲಮಡಿಕೆಯನ್ನು ಮುಟ್ಟಿ, ಅನಂತಪುರ, ಕಡಪಗಳನ್ನು ದಾಟಿ, ನೆಲ್ಲೂರಿನ ಆಚೆ ಸಮುದ್ರವನ್ನು ಸೇರುತ್ತದೆ. ಆ ನೆಲ್ಲೂರು ಜಿಲ್ಲೆಯ ಒಣಭಾಗದಲ್ಲಿ ಪೊದಿಲಿ, ದರ್ಶಿ, ಕನಿಗಿರಿ ಎಂಬ ತಾಲ್ಲೂಕುಗಳಿದ್ದುವು. 1970ರಲ್ಲಿ ಅವು ಪ್ರಕಾಶಂ ಜಿಲ್ಲೆಗೆ ಸೇರಿದುವು. ನದಿ ಆ ಹಳ್ಳಿಗಳನ್ನು ಮುಟ್ಟುವುದಿಲ್ಲ. ಆದರೆ ನೆಲದಡಿಯ ಪುರಾತನ ಶಿಲೆ, ನೆತ್ತಿಯ ಮೇಲಿನ ಬಿಸಿಲು, ಕೈಕೊಡುವ ಮಳೆ, ಈ ಮೂರರಲ್ಲಿಯೂ ಅವು ನಮ್ಮ ಪಾವಗಡದ ದಾಯಾದಿಗಳೇ ಸರಿ.

1930ರ ದಶಕದ ಆರಂಭದಲ್ಲಿ ಆ ಪ್ರಾಂತದ ಒಕ್ಕಲಿಗರು ತಮ್ಮ ಎತ್ತುಗಳ ವಿಷಯದಲ್ಲಿ ಒಂದು ವಿಚಿತ್ರವನ್ನು ಕಂಡಿದ್ದರು. ಕೊಂಡು ತಂದಾಗ ಚೆನ್ನಾಗಿದ್ದ ಎತ್ತು ಕೆಲವು ವರ್ಷಗಳಲ್ಲಿ ಕೀಲುಗಳು ಬಿಗಿದು ಹೆಜ್ಜೆಯಿಡಲಾರದಾಗುತ್ತಿತ್ತು. ಎತ್ತು ಕುಂಟಿದರೆ ರೈತನಿಗೆ ಕೂಡಲೇ ತಿಳಿಯುತ್ತದೆ, ಉಳುಮೆ ನಿಲ್ಲುತ್ತದೆಯಲ್ಲ! ತನ್ನ ಬೆನ್ನು ಬಿಗಿದಾಗ ಮಾತ್ರ ಅವನು ಅದನ್ನು ವಯಸ್ಸಿನ ಲೆಕ್ಕಕ್ಕೋ ಪ್ರಾರಬ್ಧದ ಲೆಕ್ಕಕ್ಕೋ ಬರೆದುಬಿಡುತ್ತಾನೆ. ಹೀಗೆ ಪಶುಗಳ ಬೇನೆ ಮೊದಲು ಕಾಗದಕ್ಕೆ ಬಂದಿತು, ಮನುಷ್ಯರ ಬೇನೆ ಅನಂತರ.

ಆಗ ಮದರಾಸಿನ ಗಿಂಡಿಯ ಕಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ನಿರ್ದೇಶಕರಾಗಿದ್ದವರು ಹೆನ್ರಿ ಎಡ್ವರ್ಡ್ ಷಾರ್ಟ್. ಹುಟ್ಟಿದ್ದು 1887ರಲ್ಲಿ, ಪಂಜಾಬಿನ ಧಾರಿವಾಲದಲ್ಲಿ. ವೈದ್ಯ ವಿದ್ಯೆಯನ್ನು ಕಲಿತದ್ದು ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ. 1910ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿ ಮತ್ತೆ ಹುಟ್ಟಿದ ದೇಶಕ್ಕೆ ಬಂದವರು. ಸರ್ಕಾರಿ ವೈದ್ಯನೆಂದರೆ ಆಸ್ಪತ್ರೆ, ಬಂಗಲೆ, ಸಂಜೆಯ ಕ್ಲಬ್ಬು ಎಂದು ಬಾಳಬಹುದಾಗಿದ್ದ ಕಾಲ ಅದು. ಈ ಮನುಷ್ಯನ ಜಾತಕ ಹಾಗಿರಲಿಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಮೆಸೊಪೊಟೇಮಿಯದಲ್ಲಿ ಸೈನಿಕರನ್ನು ಗುಂಡಿನಂತೆಯೇ ಜ್ವರವೂ ಬಲಿತೆಗೆದುಕೊಳ್ಳುತ್ತಿದ್ದಿತು. ಬಸ್ರಾದ ಜೌಗುಗಳ ಮಲೇರಿಯವನ್ನು ಕುರಿತು ಷಾರ್ಟರು ಪ್ರಸಿದ್ಧ ಮಲೇರಿಯ ತಜ್ಞ ಕ್ರಿಸ್ಟೋಫರ್ಸರೊಡನೆ ಬರೆದ ಪ್ರಬಂಧಗಳು 1921ರಲ್ಲಿ ಪ್ರಕಟವಾದುವು.

ಅಲ್ಲಿಂದ ಮುಂದೆ ಅಸ್ಸಾಮು. ಹಳ್ಳಿಗೆ ಹಳ್ಳಿಯನ್ನೇ ಬರಿದುಮಾಡುತ್ತಿದ್ದ ಕಾಲಾ ಅಜಾರ್ ಎಂಬ ಜ್ವರ ಹೇಗೆ ಹರಡುತ್ತದೆಂದು ಹುಡುಕಲು ನೇಮಕವಾದ ಆಯೋಗದ ಮುಂದಾಳುತನ ಅವರದಾಯಿತು. ಮರಳುನೊಣವೆಂಬ ಸೊಳ್ಳೆಗಿಂತಲೂ ಸಣ್ಣ ಕೀಟದ ಮೇಲೆ ಸಂದೇಹವೇನೋ ಇತ್ತು. ಸಾಬೀತು ಮಾಡುವುದು ಹೇಗೆ? ರೋಗಿಯ ರಕ್ತವನ್ನು ಹೀರಿದ ನೊಣ ಎರಡನೆಯ ಬಾರಿ ಕಚ್ಚುವಷ್ಟು ದಿನ ಬದುಕುತ್ತಲೇ ಇರಲಿಲ್ಲ. ವರ್ಷಗಳು ಉರುಳಿದುವು. ಕಡೆಗೆ ಕಲ್ಕತ್ತೆಯ ಸ್ಮಿತ್ ಮತ್ತು ಸಂಗಡಿಗರು, ನೊಣಕ್ಕೆ ರಕ್ತದ ಬದಲು ಒಣದ್ರಾಕ್ಷಿಯ ರಸವನ್ನು ಉಣಿಸಿದರೆ ಅದು ಬದುಕುತ್ತದೆ, ರೋಗಾಣುವೂ ಅದರೊಳಗೆ ಸಮೃದ್ಧವಾಗಿ ಬೆಳೆಯುತ್ತದೆ ಎಂದು ಕಂಡುಕೊಂಡರು. ಆ ಯುಕ್ತಿಯನ್ನು ಹಿಡಿದು 1942ರಲ್ಲಿ ಸ್ವಾಮಿನಾಥ್, ಷಾರ್ಟ್, ಆಂಡರ್ಸನ್ ಮೂವರು, ಸ್ವಇಚ್ಛೆಯಿಂದ ಕಚ್ಚಿಸಿಕೊಳ್ಳಲು ಒಪ್ಪಿದ ಜನರ ಸಹಾಯದಿಂದ ಮರಳುನೊಣದ ಅಪರಾಧವನ್ನು ಸ್ಥಿರಪಡಿಸಿದರು. ಇತಿಹಾಸವು ಮೂವರ ಹೆಸರನ್ನು ಇಟ್ಟುಕೊಂಡಿದೆ. ತೋಳು ಚಾಚಿ ಕೊಟ್ಟವರ ಹೆಸರನ್ನೂ ನಾವು ತಿಳಿದಿರಬೇಕಾಗಿತ್ತೆಂದು ನನಗೆ ಅನ್ನಿಸುವುದುಂಟು.

ಮರಳುನೊಣದ ಬೇಟೆಯ ಈ ಎರಡು ಘಟ್ಟಗಳ ನಡುವೆಯೇ ಬಂದದ್ದು ನೆಲ್ಲೂರಿನ ಪ್ರಕರಣ. ಕೀಟಗಳನ್ನೂ ರೋಗಾಣುಗಳನ್ನೂ ಬೆನ್ನಟ್ಟಿ ಪಳಗಿದವರಿಗೆ ಇದು ಹೊಸ ಬಗೆಯ ಒಗಟು. ಜ್ವರವಿಲ್ಲ, ಅಂಟುಜಾಡ್ಯವಲ್ಲ, ಸೂಕ್ಷ್ಮದರ್ಶಕದ ಕೆಳಗೆ ಕಾಣುವಂತಹದು ಏನೂ ಇಲ್ಲ. ರೋಗದ ನಡೆ ಮಾತ್ರ ಎಲ್ಲ ಕಡೆಯೂ ಒಂದೇ. ಮಕ್ಕಳ ಹಲ್ಲಿನಲ್ಲಿ ಮಚ್ಚೆ. ಮೂವತ್ತರ ಸುಮಾರಿಗೆ ಕೈಕಾಲುಗಳಲ್ಲಿ ಜೋಮು, ಬೆನ್ನಿನಲ್ಲಿ ಬಿಗುವು. ನಲವತ್ತರ ಹೊತ್ತಿಗೆ ಬೆನ್ನುಮೂಳೆಯ ಮಣಿಗಳೆಲ್ಲ ಬೆಸೆದು ಒಂದೇ ದಂಡವಾಗುವುದು. ಕಡೆಕಡೆಗೆ ನರಗಳು ಅದುಮಿಹೋಗಿ ಹಾಸಿಗೆ ಹಿಡಿಯುವುದು. ಷಾರ್ಟರ ಜೊತೆಗೂಡಿದವರು ವೈದ್ಯ ಮೆಕ್‌ರಾಬರ್ಟ್, ಮದರಾಸಿನ ಕ್ಷ-ಕಿರಣ ತಜ್ಞ ಬರ್ನಾರ್ಡ್, ಮತ್ತು ಮನ್ನಾಡಿ ನಾಯರ್. ಕ್ಷ-ಕಿರಣದ ಚಿತ್ರದಲ್ಲಿ ಮೂಳೆಗಳು ಸುಣ್ಣ ತುಂಬಿದಂತೆ ದಟ್ಟವಾಗಿಯೂ, ಅವುಗಳ ಅಂಚಿನ ಸ್ನಾಯುಬಂಧಗಳು ಕೂಡ ಎಲುಬಾಗಿಯೂ ಕಂಡುವು.

ಅಮೆರಿಕೆಯ ಕೊಲರಾಡೋ ಪರ್ವತದ ಬುಡದ ಊರಿನಲ್ಲಿ ಮೆಕೇ ಎಂಬ ದಂತವೈದ್ಯನು 1901ರಿಂದ ಇಂತಹವೇ ಕಂದು ಹಲ್ಲುಗಳ ರಹಸ್ಯವನ್ನು ಹುಡುಕುತ್ತಿದ್ದನು. 1931ರಲ್ಲಿ ಅಲ್ಯೂಮಿನಿಯಂ ಕಂಪೆನಿಯೊಂದರ ರಸಾಯನಜ್ಞ ಚರ್ಚಿಲ್, ತಮ್ಮ ಪಾತ್ರೆಗಳ ಮೇಲೆ ಅಪವಾದ ಬಂದೀತೆಂಬ ಅಂಜಿಕೆಯಿಂದ ನೀರನ್ನು ಪರೀಕ್ಷಿಸಿ ಫ್ಲೋರೈಡನ್ನು ಕಂಡುಹಿಡಿದನು! ಮರುವರ್ಷ ಕೋಪನ್‌ಹೇಗನ್ನಿನಲ್ಲಿ ಕ್ರಯೊಲೈಟ್ ಅದಿರಿನ ಧೂಳನ್ನು ಉಸಿರಾಡುತ್ತಿದ್ದ ಕೆಲಸಗಾರರ ಮೂಳೆಗಳು ದಪ್ಪವಾಗಿರುವುದನ್ನು ಮೊಲ್ಲರ್, ಗುಡ್‌ಯಾನ್ಸನ್ ಎಂಬವರು ಗಮನಿಸಿದರು. ಹಲ್ಲಿನ ಕಥೆ ಒಂದು ಖಂಡದಲ್ಲಿ, ಮೂಳೆಯ ಕಥೆ ಇನ್ನೊಂದು ಖಂಡದಲ್ಲಿ. ಇವೆರಡೂ ಒಂದೇ ಬಾವಿಯ ನೀರಿನಿಂದ, ಕಾರ್ಖಾನೆಯ ನೆರಳೂ ಬೀಳದ ಹಳ್ಳಿಗರ ಒಂದೇ ದೇಹದಲ್ಲಿ ಕೂಡಿಬರುತ್ತವೆಂದು 1937ರಲ್ಲಿ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್ ಪತ್ರಿಕೆಯಲ್ಲಿ ಬರೆದು ತೋರಿಸಿದುದು ಷಾರ್ಟರ ತಂಡ.

ಮೂರು ವರ್ಷಗಳ ಬಳಿಕ ಅದೇ ಸಂಸ್ಥೆಯ ಸಿ. ಜಿ. ಪಂಡಿತ್, ರಾಘವಾಚಾರಿ ಮೊದಲಾದವರು ಈ ಸಂಗತಿಗೆ ಇನ್ನೊಂದು ಮುಖವನ್ನು ಸೇರಿಸಿದರು. ಫ್ಲೋರೈಡು ಸಮನಾಗಿದ್ದರೂ ಎಲ್ಲರನ್ನೂ ಅದು ಸಮನಾಗಿ ಕಾಡುವುದಿಲ್ಲ. ಹೊಟ್ಟೆತುಂಬ ಒಳ್ಳೆಯ ಆಹಾರವಿಲ್ಲದವರನ್ನು, ಅದರಲ್ಲಿಯೂ ಸಿ ಜೀವಸತ್ವದ ಕೊರತೆಯಿರುವವರನ್ನು ಹೆಚ್ಚು ಕಾಡುತ್ತದೆ ಎಂಬುದು ಅವರ ಅಭಿಪ್ರಾಯ. ಈ ಪಂಡಿತರೇ ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಮೊದಲ ನಿರ್ದೇಶಕರಾದರು. ಬಾವಿ ಎಲ್ಲರಿಗೂ ಒಂದೇ ಆಗಿರಬಹುದು, ಊಟದ ಎಲೆ ಒಂದೇ ಅಲ್ಲವಷ್ಟೆ. ರಾಗಿಯ ಮುದ್ದೆಗೆ ಹಾಲು ಮೊಸರು ಸೇರುವ ಮನೆಗೂ, ಬರಿಯ ಉಪ್ಪುಸಾರಿನಲ್ಲಿ ಮುಗಿಯುವ ಮನೆಗೂ ಆ ನೀರು ಬೇರೆ ಬೇರೆ ತೀರ್ಪನ್ನು ಕೊಡುತ್ತದೆ.

ಷಾರ್ಟರ ಸಾಹಸ ಅಲ್ಲಿಗೇ ಮುಗಿಯಲಿಲ್ಲ. ಬೇರೆಯವರು ಪಿಂಚಣಿಯ ಲೆಕ್ಕ ಹಾಕುವ ವಯಸ್ಸಿನಲ್ಲಿ ಲಂಡನ್ನಿಗೆ ಹೋಗಿ ಉಷ್ಣವಲಯದ ವೈದ್ಯಶಾಲೆಯಲ್ಲಿ ಪ್ರಾಧ್ಯಾಪಕರಾದರು. ಸೊಳ್ಳೆ ಕಚ್ಚಿದ ದಿನಕ್ಕೂ ಮಲೇರಿಯದ ರೋಗಾಣು ರಕ್ತದಲ್ಲಿ ಕಾಣಿಸಿಕೊಳ್ಳುವ ದಿನಕ್ಕೂ ನಡುವೆ ಒಂದು ವಾರಕ್ಕೂ ಹೆಚ್ಚಿನ ಅಂತರವಿದೆ. ಆ ಅವಧಿಯಲ್ಲಿ ಅದು ಎಲ್ಲಿ ಅಡಗಿರುತ್ತದೆ? ಷೌಡಿನ್ ಎಂಬ ಜರ್ಮನ್ ಪಂಡಿತನು 1903ರಲ್ಲಿ, ಅದು ನೇರವಾಗಿ ರಕ್ತಕಣವನ್ನೇ ಹೊಗುವುದನ್ನು ಕಂಡೆನೆಂದು ಬರೆದುಬಿಟ್ಟಿದ್ದನು. ದೊಡ್ಡವರ ತಪ್ಪು ದೀರ್ಘಾಯುಷಿ! ಅದು ನಲವತ್ತೈದು ವರ್ಷ ಬಾಳಿತು. 1948ರಲ್ಲಿ ಷಾರ್ಟ್ ಮತ್ತು ಗಾರ್ನ್‌ಹಮ್ ಇಬ್ಬರೂ ನೂರಾರು ಸೊಳ್ಳೆಗಳಿಂದ ಕೋತಿಯನ್ನು ಕಚ್ಚಿಸಿ, ರೋಗಾಣುವು ಆ ದಿನಗಳಲ್ಲಿ ಪಿತ್ತಕೋಶದ ನೆರೆಯ ಯಕೃತ್ತಿನಲ್ಲಿ ಕುಳಿತು ಸಾವಿರಗಟ್ಟಲೆಯಾಗಿ ಬೆಳೆಯುತ್ತದೆಂದು ತೋರಿಸಿದರು. ಅದೇ ವರ್ಷ ಮನುಷ್ಯನ ಯಕೃತ್ತಿನಲ್ಲಿಯೂ ಅದನ್ನು ಕಂಡರು. 1950ರಲ್ಲಿ ರಾಯಲ್ ಸೊಸೈಟಿ ಅವರನ್ನು ತನ್ನ ಸದಸ್ಯರನ್ನಾಗಿ ಆರಿಸಿಕೊಂಡಿತು. 1987ರಲ್ಲಿ, ನೂರು ವರ್ಷಗಳನ್ನು ತುಂಬಿಸಿ, ಅವರು ಕಾಲವಾದರು.

ಮಲೇರಿಯದ ಚರಿತ್ರೆಯಲ್ಲಿ ಅವರ ಹೆಸರು ದೊಡ್ಡಕ್ಷರಗಳಲ್ಲಿದೆ. ನೆಲ್ಲೂರಿನ ನೀರು ಬಂದರೆ ಅಡಿಟಿಪ್ಪಣಿಯಲ್ಲಿ ಬರುತ್ತದೆ. ನಮ್ಮ ನಾಲ್ಕು ತಾಲ್ಲೂಕುಗಳ ಕಡೆಯಿಂದ ನೋಡುವಾಗ ನನಗೆ ಆ ಅಡಿಟಿಪ್ಪಣಿಯೇ ಹೆಚ್ಚೆಂದು ತೋರುತ್ತದೆ. ಕೆಸರಿನ ನೀರನ್ನು ಯಾರು ಬೇಕಾದರೂ ಸಂಶಯಿಸುತ್ತಾರೆ. ಕನ್ನಡಿಯಂತಹ ನೀರನ್ನು ಸಂಶಯಿಸಲು ಎದೆಗಾರಿಕೆ ಬೇಕು.

ದುರದೃಷ್ಟವೆಂದರೆ, 1937ರಲ್ಲಿ ಅಚ್ಚಾದ ಎಚ್ಚರಿಕೆ ಹಳ್ಳಿಗಳನ್ನು ತಲಪುವ ಮುನ್ನವೇ ಬೈರಿಗೆ ಯಂತ್ರವು ತಲಪಿತು. ಅದನ್ನು ತಂದವರ ಉದ್ದೇಶ ಒಳ್ಳೆಯದೇ. ಹಳೆಯ ಕಾಲದ ಬಯಲುಸೀಮೆಯಲ್ಲಿ ಜನ ಕೆರೆಯ ನೀರನ್ನೂ ಮೆಟ್ಟಿಲುಬಾವಿಯ ನೀರನ್ನೂ ಕುಡಿಯುತ್ತಿದ್ದರು. ಅದರಲ್ಲಿ ವಾಂತಿಭೇದಿಯ ಭಯವಿತ್ತು. ಕಾಲಿನ ಹುಣ್ಣಿನಿಂದ ಮೊಳದುದ್ದ ಹೊರಬರುವ ನಾರುಹುಳುವಿನ ಕಾಟವಿತ್ತು. ಮೆಟ್ಟಿಲಿಳಿದವನ ಹುಣ್ಣಿನಿಂದ ಮರಿಗಳು ನೀರಿಗೆ ಬಿದ್ದು, ಕಣ್ಣಿಗೆ ಕಾಣದಂತಹ ನೀರಚಿಗಟಗಳ ಹೊಟ್ಟೆ ಸೇರಿ, ನೀರು ಕುಡಿದವನ ಮೈಗೆ ಬರುತ್ತಿದ್ದುವು. ಇದಕ್ಕೆಲ್ಲ ಕೊಳವೆಬಾವಿಯೇ ಪರಿಹಾರವೆಂದಾಯಿತು. 1966-67ರ ಬರಗಾಲದ ತರುವಾಯ ಯುನಿಸೆಫ್ ಸಂಸ್ಥೆಯು ಬಂಡೆಯನ್ನು ಬೇಗ ಕೊರೆಯುವ ಯಂತ್ರಗಳನ್ನು ಭಾರತಕ್ಕೆ ಒದಗಿಸಿತು. ಊರೂರಿಗೂ ಕೈಪಂಪು ಬಂದಿತು. ನಾರುಹುಳು ನಿಜವಾಗಿಯೂ ಹೋಯಿತು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವನ್ನು ನಾರುಹುಳು ಮುಕ್ತವೆಂದು ಘೋಷಿಸಿತು. ಅದು ಸಾಮಾನ್ಯವಾದ ಗೆಲುವಲ್ಲ.

ಆದರೆ ಬಂಡೆಗೆ ತನ್ನದೇ ಲೆಕ್ಕವಿದೆ. ಈ ಸೀಮೆಯ ಕಗ್ಗಲ್ಲಿನಲ್ಲಿ ಅಭ್ರಕ, ಅಪಟೈಟ್, ಫ್ಲೋರೈಟ್ ಮುಂತಾದ ಖನಿಜಗಳ ರೂಪದಲ್ಲಿ ಫ್ಲೋರೈಡು ಅಡಗಿದೆ. ಮಳೆ ಕಡಿಮೆ, ಇಳಿದ ನೀರು ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತು ಕಲ್ಲನ್ನು ನೆಕ್ಕುತ್ತಿರುತ್ತದೆ. ಸುಣ್ಣದ ಅಂಶ ಕಡಿಮೆಯಾಗಿ ಸೋಡಾ ಅಂಶ ಹೆಚ್ಚಿರುವ ನೀರಾದರೆ ಇನ್ನಷ್ಟು ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಕೆರೆ ಬತ್ತಿತು, ತೆರೆದ ಬಾವಿ ಬತ್ತಿತು. ಕೊಳವೆಯು ಆಳಕ್ಕೆ, ಮತ್ತೂ ಆಳಕ್ಕೆ ಇಳಿಯಿತು. ಲೀಟರಿಗೆ 1.5 ಮಿಲಿಗ್ರಾಮನ್ನು ಮೀರಬಾರದೆಂಬುದು ನಿಯಮ. ಈ ತಾಲ್ಲೂಕುಗಳ ಅನೇಕ ಕೊಳವೆಬಾವಿಗಳು ಆ ಗೆರೆಯನ್ನು ದಾಟಿವೆ. ಹುಳುವಿನಿಂದ ಪಾರುಮಾಡಿದ ನೀರು ಮೂಳೆಗೆ ಮುಳುವಾಯಿತು.

ಪರಿಹಾರಗಳನ್ನು ಯಾರೂ ಹುಡುಕಲಿಲ್ಲವೆಂದಲ್ಲ. ನಾಗಪುರದ ನೀರಿ ಸಂಸ್ಥೆಯವರು 1970ರ ದಶಕದಲ್ಲಿ ಪಟಿಕ, ಸುಣ್ಣ, ಬ್ಲೀಚಿಂಗ್ ಪುಡಿಗಳನ್ನು ಬೆರೆಸಿ ಫ್ಲೋರೈಡನ್ನು ತಳಕ್ಕಿಳಿಸುವ ಉಪಾಯವನ್ನು ಕಂಡುಹಿಡಿದರು. ತೆಲುಗು ನಾಡಿನ ನಲಗೊಂಡದ ಹೆಸರೇ ಅದಕ್ಕೆ ಬಂದಿತು. ಅದು ಒಳ್ಳೆಯ ಉಪಾಯ. ಆದರೆ ದಿನವೂ ಅಳತೆ ತಪ್ಪದೆ ಮಾಡುವ ಒಬ್ಬ ಮನುಷ್ಯ ಬೇಕು, ತಿಂಗಳು ತಿಂಗಳು ಅವನಿಗೆ ಸಂಬಳವೂ ಬೇಕು. ಯಂತ್ರವನ್ನು ಕೊಡುವ ಉತ್ಸಾಹ ನಮಗೆ ಹೆಚ್ಚು, ಅದನ್ನು ನೋಡಿಕೊಳ್ಳುವವನಿಗೆ ಕೂಲಿ ಕೊಡುವ ಉತ್ಸಾಹ ಕಡಿಮೆ. ಈಚಿನ ವರ್ಷಗಳಲ್ಲಿ ನೀರನ್ನು ಸೋಸುವ ಘಟಕಗಳು ಊರೂರಿನಲ್ಲಿಯೂ ಎದ್ದಿವೆ. ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ. ಕೆಲವೆಡೆ ಮನೆಯ ಸೂರಿನ ಮಳೆನೀರನ್ನು ತೊಟ್ಟಿಗಿಳಿಸಿ ಇಟ್ಟುಕೊಳ್ಳುವವರೂ ಉಂಟು. ಮಳೆಯಲ್ಲಿ ಫ್ಲೋರೈಡಿನ ಭಯವಿಲ್ಲ, ಆದರೆ ಪಾವಗಡದಲ್ಲಿ ಮಳೆ ಎಂಬುದು ಅಪರೂಪದ ನೆಂಟ. ಶಿರಾದ ಕೆರೆಗೆ ಹೇಮಾವತಿಯ ನೀರು ಹರಿದು ಬಂದುದನ್ನೂ, ತುಂಗಭದ್ರೆಯ ಹಿನ್ನೀರನ್ನು ಪಾವಗಡಕ್ಕೆ ತರುವ ಯೋಜನೆಯನ್ನೂ ಜನ ಇಷ್ಟೊಂದು ಕಾತರದಿಂದ ಎದುರುನೋಡಿದುದಕ್ಕೆ ಬೇಸಾಯವೊಂದೇ ಕಾರಣವಲ್ಲ.

ಬಸ್ಸಿನ ತಾಯಿಯ ಮಾತನ್ನು ಅರ್ಧಕ್ಕೆ ಬಿಟ್ಟೆನಲ್ಲವೆ? ಆಕೆಯ ಕಾಲಿನ ಬಳಿ ಖಾಲಿಯಾದ ಒಂದು ಇಪ್ಪತ್ತು ಲೀಟರಿನ ಕ್ಯಾನು ಇತ್ತು. ನಾನು ಇಷ್ಟೆಲ್ಲವನ್ನೂ ಹೇಳಲಿಲ್ಲ. ಕರ್ನಲ್ ಸಾಹೇಬರ ಕಥೆ ಆಕೆಗೆ ಬೇಕಾಗಿಯೂ ಇರಲಿಲ್ಲ. ಮಗಳ ಹಲ್ಲು ಸರಿಹೋದೀತೆ ಎಂದು ಕೇಳಿದಳು. ಆದ ಮಚ್ಚೆ ತಾನಾಗಿ ಹೋಗದೆಂದೂ, ದಂತವೈದ್ಯರು ಮೇಲೆ ಲೇಪ ಕೊಟ್ಟು ಮರೆಮಾಡಬಲ್ಲರೆಂದೂ ಹೇಳಿದೆ. ಹುಡುಗಿ ಕಿಟಕಿಯ ಕಡೆಗೆ ಮುಖ ತಿರುಗಿಸಿದಳು.

"ನೀರನ್ನು ಚೆನ್ನಾಗಿ ಕುದಿಸಿಯೇ ಕೊಡುತ್ತೇನೆ, ಸ್ವಾಮಿ."

ಕುದಿಸಿದರೆ ಕ್ರಿಮಿಗಳು ಸಾಯುತ್ತವೆ, ಫ್ಲೋರೈಡು ಸಾಯುವುದಿಲ್ಲ. ನೀರು ಆವಿಯಾಗಿ ಹೋಗಿ ಉಳಿದುದರಲ್ಲಿ ಅದು ಇನ್ನಷ್ಟು ಹೆಚ್ಚಾಗುತ್ತದೆ ಎಂದಾಗ ಆಕೆ ಮಾತನಾಡದೆ ತೊಡೆಯ ಮೇಲಿದ್ದ ಹುಡುಗನ ತಲೆಯನ್ನು ಸವರಿದಳು.

"ಇವನಿಗೆ ನಾಲ್ಕು ತುಂಬಿತು. ಇವನ ಹಲ್ಲು?"

ಹಾಲುಹಲ್ಲಿನ ಮಾತು ಬಿಡಿ, ಮುಂದೆ ಬರುವ ಹಲ್ಲುಗಳ ಕೆಲಸ ಒಳಗೆ ಇನ್ನೂ ನಡೆಯುತ್ತಿದೆ. ಎಂಟು ತುಂಬುವವರೆಗಾದರೂ ಕುಡಿಯುವುದಕ್ಕೆ ಘಟಕದ ನೀರೇ ಆಗಲಿ ಎಂದೆ.

"ಅಡಿಗೆಗೆ?"

ಅಡಿಗೆಗೂ ಅದೇ, ಅನ್ನ ಬೇಳೆಗಳು ನೀರನ್ನು ಹೀರಿಕೊಳ್ಳುತ್ತವೆ ಎಂದೆ. ಆಕೆ ಬೆರಳು ಮಡಿಚುತ್ತ ಮೆಲ್ಲಗೆ ಲೆಕ್ಕಕ್ಕೆ ತೊಡಗಿದಳು. ಮನೆಯಲ್ಲಿ ಆರು ಜನ, ದಿನಕ್ಕೆ ಎರಡು ಕ್ಯಾನು, ಕ್ಯಾನಿಗೆ ಐದು ರೂಪಾಯಿ. ಲೆಕ್ಕ ಮುಗಿಯುವುದರೊಳಗೆ ಪಾವಗಡ ಬಂದಿತು. ಮಗುವನ್ನು ಹೆಗಲಿಗೆ ಹಾಕಿಕೊಂಡು ಆಕೆ ಇಳಿದಳು. ಕ್ಯಾನನ್ನು ಹುಡುಗಿ ಎತ್ತಿಕೊಂಡಳು.